ಕಾವಲಿಗೆ ಹೋಗುವ ಮಾಸ್ತರರು

ಸವದತ್ತಿ ತಾಲೂಕಿನ ಹೂಲಿಯಂಥ ಊರಿನ ಸರಕಾರಿ ಶಾಲೆಯಿಂದ ಒಂದು ಮಗು ಜಪಾನಿಗೆ ಹೋಗಿಬರುವ ದಾರಿ ಇವತ್ತು ತೆರೆದಿದೆ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯವರು ಮಕ್ಕಳ ಹೊಸ ಆಲೋಚನೆಗಳನ್ನು ಬರೆದು ಕಳಿಸುತ್ತಾರೆ. ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಪ್ರದರ್ಶನಗಳನ್ನು ದಾಟಿದವರಲ್ಲಿ ಕೆಲವರಿಗೆ ಜಪಾನಿನ ಸಕುರಾ ವಿಜ್ಞಾನ ವಿನಿಮಯ ಕಾರ್ಯಕ್ರಮದ ಅವಕಾಶ ಸಿಗುತ್ತದೆ. ಜಪಾನ್ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 2014ರಲ್ಲಿ ಆರಂಭಿಸಿದ ಈ ಕಾರ್ಯಕ್ರಮಕ್ಕೆ ಭಾರತ 2016ರಲ್ಲಿ ಸೇರಿತು. ಮಕ್ಕಳ ತಂಡದ ಜೊತೆ ಮೇಲ್ವಿಚಾರಕರೂ ಹೋಗುತ್ತಾರೆ. ಇಂಥ ಪ್ರವಾಸ ಯಾವುದೇ ಇರಲಿ, ಹಾರ ಹಾಕಿಸಿಕೊಂಡ ಮಕ್ಕಳ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಬೆನ್ನಿಗೆ ನಿಂತ ಮಾಸ್ತರರನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಶಾಲೆಯೊಂದು ಕಡಲಾಚೆಗೆ ಕಳಿಸುವ ಪ್ರವಾಸದಿಂದ ಆ ಶಾಲೆಗೆ ಏನು ಬಂತು ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಮಾಸ್ತರರ ಹತ್ತಿರ. ಅವರನ್ನು ನಾವು ಕಾವಲಿಗೆ ಕಳಿಸುತ್ತಿದ್ದೇವೆ, ಕಲಿಯಲಿಕ್ಕೆ ಕಳಿಸಬೇಕು ಎಂಬುದು ನನ್ನ ವಾದ.

ಮಗುವಿಗೆ ಪ್ರವಾಸದಿಂದ ಲಾಭವಿಲ್ಲ ಎಂದು ಯಾರೂ ಹೇಳಲಾರರು. ಊರ ಬಸ್‌ಸ್ಟ್ಯಾಂಡಿನಿಂದ ಬೆಳಗಾವಿಯವರೆಗೆ ಹೋಗಿದ್ದೇ ದೊಡ್ಡದು ಎನ್ನುವ ಹುಡುಗಿ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದಾಗ ಅವಳಲ್ಲಿ ಹುಟ್ಟುವ ಧೈರ್ಯ ಬೇರೆ ಯಾವ ಪಾಠದಿಂದಲೂ ಬರುವಂಥದ್ದಲ್ಲ. ಅವಳ ಮನೆಯವರಿಗೂ, ಓಣಿಯವರಿಗೂ ಅದರ ಪಾಲು ಸಿಗುತ್ತದೆ. ಆದರೆ ಒಂದು ವಾರದ ಭೇಟಿಯಲ್ಲಿ ಮಗು ನೋಡುವುದು ಪ್ರಯೋಗಾಲಯ, ವಸ್ತುಸಂಗ್ರಹಾಲಯ, ವೇಗದ ರೈಲು, ಬಣ್ಣದ ಬೀದಿ. ನೋಡಿದ್ದರ ಹಿಂದೆ ಏನಿದೆ ಎಂದು ಕೇಳುವ ವಯಸ್ಸು ಅದಲ್ಲ, ಕೇಳಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಮೇಲಾಗಿ ಆ ಮಗು ಹತ್ತನೆಯ ತರಗತಿ ಮುಗಿಸಿ ಬೈಲಹೊಂಗಲಕ್ಕೋ ಧಾರವಾಡಕ್ಕೋ ಓದಲು ಹೋಗುತ್ತದೆ. ಅದರ ಅನುಭವ ಅದರ ಜೊತೆಗೇ ಹೋಗುತ್ತದೆ, ಹೋಗಬೇಕಾದದ್ದೇ. ಶಾಲೆಯಲ್ಲಿ ಉಳಿಯುವವರು ಶಿಕ್ಷಕರು. ವರ್ಷಕ್ಕೆ ನಲವತ್ತು ಮಕ್ಕಳಿಗೆ ಕಲಿಸುವ ಒಬ್ಬ ಶಿಕ್ಷಕಿ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎಂಟುನೂರು ಮಕ್ಕಳ ಮುಂದೆ ನಿಲ್ಲುತ್ತಾಳೆ. ಅವಳು ಕಂಡದ್ದರಲ್ಲಿ ಒಂದೇ ಒಂದು ಸಂಗತಿ ತರಗತಿಯ ರೂಢಿಯಾದರೂ ಅದು ಆ ಎಂಟುನೂರು ಮಕ್ಕಳಿಗೂ ತಲುಪುತ್ತದೆ.

ಶಿಕ್ಷಕರ ಕಣ್ಣು ಏನು ನೋಡಬಲ್ಲದು ಎಂಬುದಕ್ಕೆ ಜಪಾನಿನ ಪ್ರಾಥಮಿಕ ಶಾಲೆಯ ಮಧ್ಯಾಹ್ನದ ಊಟವನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಸರದಿಯ ಮಕ್ಕಳು ಬಿಳಿ ಮೇಲಂಗಿ, ಟೊಪ್ಪಿಗೆ, ಮುಖಗವಸು ಹಾಕಿಕೊಂಡು ಅಡಿಗೆಮನೆಯಿಂದ ಪಾತ್ರೆಗಳನ್ನು ತಂದು ತಮ್ಮ ತರಗತಿಯಲ್ಲೇ ಬಡಿಸುತ್ತಾರೆ. ತರಗತಿಯ ಶಿಕ್ಷಕರು ಅದೇ ಊಟವನ್ನು ಅದೇ ಕೋಣೆಯಲ್ಲಿ ಮಕ್ಕಳ ಜೊತೆ ಕುಳಿತು ಉಣ್ಣುತ್ತಾರೆ. ಮಕ್ಕಳಿಗೆ ಬಡಿಸುವ ಮುನ್ನ ಮುಖ್ಯ ಗುರುಗಳು ರುಚಿ ನೋಡಿರಬೇಕು ಎಂಬ ನಿಯಮವಿದೆ. ನಮ್ಮ ಬಿಸಿಯೂಟಕ್ಕೂ ಇದೇ ನಿಯಮ ಉಂಟು, ಶಿಕ್ಷಕರು ಮೊದಲು ಉಂಡು ನೋಡಿ ವಹಿಯಲ್ಲಿ ಬರೆಯಬೇಕು. ನಿಯಮ ಎರಡೂ ಕಡೆ ಒಂದೇ ಆದರೂ ಉಣ್ಣುವ ಕ್ರಮ ಬೇರೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ವರಾಂಡದಲ್ಲಿ ಸಾಲಾಗಿ ಕೂರುತ್ತಾರೆ, ಶಿಕ್ಷಕರು ಕೊಠಡಿಯಲ್ಲಿ ತಮ್ಮ ಡಬ್ಬಿ ಬಿಚ್ಚುತ್ತಾರೆ. ಜಪಾನಿನಲ್ಲಿ ಊಟವೂ ವೇಳಾಪಟ್ಟಿಯಲ್ಲಿರುವ ಕಲಿಕೆ. ಯಾವ ತರಕಾರಿ ಯಾವ ಊರಿನಿಂದ ಬಂತು, ಎಷ್ಟು ಉಳಿಯಿತು, ಯಾಕೆ ಉಳಿಯಿತು ಎಂಬ ಮಾತು ಅಲ್ಲಿ ನಡೆಯುತ್ತದೆ. ಅಲ್ಲಿ ಶಾಲೆಯ ಊಟದ ಇತಿಹಾಸ ಶುರುವಾಗುವುದು 1889ರಲ್ಲಿ, ತ್ಸುರುಓಕಾ ಎಂಬ ಊರಿನಲ್ಲಿ. ಬೌದ್ಧ ದೇವಾಲಯವೊಂದರಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ ಬುತ್ತಿ ತರಲಾಗದ ಬಡ ಮಕ್ಕಳಿಗೆ ಅನ್ನದ ಉಂಡೆ, ಉಪ್ಪು ಹಾಕಿದ ಮೀನು, ಉಪ್ಪಿನಕಾಯಿ ಕೊಟ್ಟರು. ನಮ್ಮ ಯೋಜನೆ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದಾಗ ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟದ್ದು ಮಠಗಳ ದಾಸೋಹದ ನೆನಪಿನಿಂದಲೇ. ಹಸಿದವನ ಪಕ್ಕದಲ್ಲಿ ಕುಳಿತು ಉಣ್ಣುವ ಪದ್ಧತಿ ಶರಣರ ನಾಡಿಗೆ ಹೊರಗಿನದೇನಲ್ಲ. ಅದನ್ನು ಶಾಲೆಯ ವರಾಂಡಕ್ಕೆ ತರುವ ಕೆಲಸ ಬಾಕಿ ಇದೆ. ಜಪಾನಿನ ತರಗತಿಯಲ್ಲಿ ಮಕ್ಕಳ ಜೊತೆ ಒಂದು ಹೊತ್ತು ಉಂಡ ಶಿಕ್ಷಕರಿಗೆ ಇದು ಯಾವ ಸುತ್ತೋಲೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಕಸಬರಿಗೆಯ ವಿಷಯ ಇನ್ನೂ ಆಳದ್ದು. ಜಪಾನಿನ ಮಕ್ಕಳು ತಮ್ಮ ಶಾಲೆಯನ್ನು ತಾವೇ ಗುಡಿಸಿ ಒರೆಸುತ್ತಾರೆ ಎಂಬುದು ಮೊಬೈಲಿನ ವಿಡಿಯೋಗಳಿಂದ ಇಲ್ಲಿಯೂ ಮನೆಮಾತಾಗಿದೆ. ನಮ್ಮ ಮಕ್ಕಳಿಗೂ ಹಾಗೇ ಕಲಿಸಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ವಿಡಿಯೋ ನೋಡಿದವರಿಗೆ ಕಸಬರಿಗೆ ಹಿಡಿದ ಮಗು ಕಾಣುತ್ತದೆ. ಅಲ್ಲಿ ಇದ್ದು ನೋಡಿದ ಶಿಕ್ಷಕರಿಗೆ ಮಗುವಿನ ಪಕ್ಕದಲ್ಲಿ ಬಗ್ಗಿ ನೆಲ ಒರೆಸುವ ಮಾಸ್ತರರು ಕಾಣುತ್ತಾರೆ. ಹಳೆಯ ಟವೆಲಿನಿಂದ ಮನೆಯಲ್ಲಿ ಹೊಲಿದು ಕಳಿಸಿದ ಒರೆಸುವ ಬಟ್ಟೆ, ಒಂದನೆಯ ತರಗತಿಯವರಿಗೆ ಕೈಹಿಡಿದು ಕಲಿಸುವ ಆರನೆಯ ತರಗತಿಯವರು, ಗೋಡೆಗೆ ತೂಗುಹಾಕಿದ ಸರದಿ ಪಟ್ಟಿ ಕಾಣುತ್ತವೆ. ಆ ಪಟ್ಟಿಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ, ಯಾರೊಬ್ಬರ ಹೆಸರೂ ಅದರಲ್ಲಿ ಹೆಚ್ಚು ಸಲ ಬರುವುದಿಲ್ಲ. ನಮ್ಮಲ್ಲಿ ಏನಾಯಿತು? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿಗೆ ಇಡೀ ರಾಜ್ಯ ತಲೆ ತಗ್ಗಿಸಿತು. ಅದರ ಬೆನ್ನಿಗೇ ಬೇರೆ ಶಾಲೆಗಳಿಂದಲೂ ಶೌಚಾಲಯ ತೊಳೆಸಿದ ದೂರುಗಳು ಬಂದವು. ಯಾವ ಮಗುವಿನ ಕೈಗೆ ಕಸಬರಿಗೆ ಬರುತ್ತದೆ ಎಂಬುದನ್ನು ಜಾತಿ ನಿರ್ಧರಿಸುವ ಸಮಾಜದಲ್ಲಿ, ಯಾರ ಹೆಸರೂ ಬಿಡದ ಸರದಿ ಪಟ್ಟಿ ಮತ್ತು ಮಾಸ್ತರರ ಕೈಯ ಕಸಬರಿಗೆ ಇಲ್ಲದೆ ಜಪಾನಿನ ರೂಢಿಯನ್ನು ತಂದರೆ ಅದು ಶಿಕ್ಷೆಯಾಗುತ್ತದೆ, ಅವಮಾನವಾಗುತ್ತದೆ. ಶೌಚಾಲಯವನ್ನಂತೂ ಮಕ್ಕಳಿಂದ ತೊಳೆಸಲೇಬಾರದು, ಅದಕ್ಕೆ ಸಂಬಳ ಕೊಟ್ಟು ನೌಕರರನ್ನು ಇಡಬೇಕು. ಇದನ್ನೆಲ್ಲ ಬಿಡಿಸಿ ನೋಡುವುದಕ್ಕೆ ಎರಡೂ ಕಡೆಯ ತರಗತಿಗಳನ್ನು ಒಳಗಿನಿಂದ ಬಲ್ಲವರೇ ಬೇಕು. ಅಲ್ಲಿಯದನ್ನು ಹಾಗೇ ಹೊತ್ತು ತರುವವರಿಗಿಂತ, ಏನನ್ನು ತರಬಾರದು ಎಂದು ಹೇಳಬಲ್ಲವರು ನಮಗೆ ಹೆಚ್ಚು ಬೇಕಾಗಿದ್ದಾರೆ.

ಶಿಕ್ಷಕರ ಪ್ರವಾಸದಿಂದ ಶಾಲೆ ಬದಲಾಗುತ್ತದೆ ಎಂಬುದು ಬರೀ ಆಶೆಯ ಮಾತಲ್ಲ, ಕರ್ನಾಟಕದಲ್ಲಿಯೇ ಅದಕ್ಕೆ ಸಾಕ್ಷಿ ಇದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಸರಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಕಾರ್ಡುಗಳ ನೆರವಿನಿಂದ, ತಮ್ಮತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡರು. ಮರಳಿ ಬಂದು, ಯುನಿಸೆಫ್ ನೆರವಿನಲ್ಲಿ, ತಮ್ಮ ಮಕ್ಕಳಿಗೆ ತಕ್ಕಂತೆ ತಾವೇ ಕಾರ್ಡು ಬರೆದರು. ಅದೇ ನಲಿಕಲಿ. 2009ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು. ಕಲಿಕೆಯ ಏಣಿ, ಗುಂಪು ತಟ್ಟೆ, ಮಕ್ಕಳು ಬಿಡಿಸಿದ ಚಿತ್ರ ತೂಗುವ ಚಪ್ಪರ ಇವತ್ತು ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿ ಶಾಲೆಗಳಲ್ಲಿಯೂ ಇವೆ. ಈ ಪದ್ಧತಿಯ ಬಗ್ಗೆ ಶಿಕ್ಷಕರಲ್ಲೇ ಭಿನ್ನಾಭಿಪ್ರಾಯಗಳಿವೆ. ಮೂರು ತರಗತಿಗಳನ್ನು ಒಬ್ಬರ ತಲೆಗೆ ಕಟ್ಟಲು ಇದು ನೆಪವಾಯಿತು ಎಂಬ ದೂರಿನಲ್ಲಿ ಸತ್ಯವಿದೆ. ಆದರೂ ಕೆಲವು ಶಿಕ್ಷಕರು ಇನ್ನೊಂದು ಶಾಲೆಯನ್ನು ಕಣ್ಣಾರೆ ಕಂಡು ಬಂದದ್ದರಿಂದ ಒಂದು ರಾಜ್ಯದ ಒಂದನೆಯ ತರಗತಿಯ ರೂಪವೇ ಬದಲಾಯಿತು. ಅವರ ಜೊತೆ ಎಣಿಸಬೇಕಾದ ಮಕ್ಕಳಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ವಿದೇಶವೇ ಯಾಕೆ, ಪಕ್ಕದ ರಾಜ್ಯ ಸಾಲದೆ ಎಂದು ಕೇಳುವವರಿದ್ದಾರೆ. ಹೂಲಿಯ ಮಗು ಇನ್ನೂ ಬೇಲೂರು, ಹಂಪಿ ನೋಡಿಲ್ಲ, ಚಿಣ್ಣರ ಕರ್ನಾಟಕ ದರ್ಶನದ ಬಸ್ಸಿನಲ್ಲಿ ಎಲ್ಲರಿಗೂ ಜಾಗ ಸಿಗುವುದಿಲ್ಲ, ಅಂಥದ್ದರಲ್ಲಿ ಟೋಕಿಯೊ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹತ್ತಿರದ್ದು ಮೊದಲು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹತ್ತಿರದ ಊರಿನಲ್ಲಿ ನಮ್ಮ ರೂಢಿಗಳೇ ಇರುವುದರಿಂದ ಅವು ಕಣ್ಣಿಗೆ ಬೀಳುವುದಿಲ್ಲ. ಮಾಸ್ತರರು ಮಕ್ಕಳ ಜೊತೆ ಉಣ್ಣುವುದಿಲ್ಲ ಎಂಬುದು ಸವದತ್ತಿಯಲ್ಲಿಯೂ ಕಿತ್ತೂರಿನಲ್ಲಿಯೂ ಒಂದೇ ಆದ್ದರಿಂದ ಅದು ಒಂದು ಸಂಗತಿಯಾಗಿಯೇ ತೋರುವುದಿಲ್ಲ. ದೂರ ಹೋದವರಿಗೆ ತೋರುತ್ತದೆ. ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಪುಣೆಯ ಫರ್ಗ್ಯುಸನ್ ಕಾಲೇಜಿನ ಅಧ್ಯಾಪಕರಾಗಿದ್ದರು. ಆ ಸಮುದ್ರಯಾನದಿಂದ ಕನ್ನಡಕ್ಕೆ ‘ಸಮುದ್ರಗೀತೆಗಳು’, ‘ಸಮುದ್ರದಾಚೆಯಿಂದ’ ಬಂದವು, ಹಿಂದಿರುಗಿದ ಅಧ್ಯಾಪಕರ ಕೈಯಲ್ಲಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಬೆಳೆದರು. ಎಲ್ಲ ಶಿಕ್ಷಕರೂ ಗೋಕಾಕರಾಗುವುದಿಲ್ಲ ಎಂದರೆ ನಿಜ. ಆದರೆ ಕಾಲೇಜಿನ ಅಧ್ಯಾಪಕರಿಗೆ ಸಹಜವೆಂದು ಒಪ್ಪಿಕೊಂಡ ಹಕ್ಕನ್ನು ಒಂದನೆಯ ತರಗತಿಯ ಶಿಕ್ಷಕಿಗೆ ಚೈನಿ ಎಂದು ಕರೆಯುವುದಕ್ಕೆ ಏನು ಕಾರಣ?

ಖರ್ಚಿನ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2023ರ ಜನವರಿಯಲ್ಲಿ ದಿಲ್ಲಿ ಸರಕಾರದ ಶಿಕ್ಷಕರನ್ನು ಫಿನ್ಲೆಂಡಿಗೆ ಕಳಿಸುವ ವಿಷಯ ದೊಡ್ಡ ಜಗಳವೇ ಆಯಿತು. ವೆಚ್ಚಕ್ಕೆ ತಕ್ಕ ಪ್ರಯೋಜನವಿದೆಯೇ ಎಂದು ಉಪರಾಜ್ಯಪಾಲರು ಲೆಕ್ಕ ಕೇಳಿದರು, ಕೇಳಿದ್ದು ರಾಜಕೀಯಕ್ಕೆ ಎಂದು ಸರಕಾರ ಹೇಳಿತು. ಅದೇ ವರ್ಷ ಪಂಜಾಬ್ ತನ್ನ ಸರಕಾರಿ ಶಾಲೆಗಳ 36 ಪ್ರಾಚಾರ್ಯರನ್ನು ಸಿಂಗಪುರಕ್ಕೆ ಕಳಿಸಿತು, ಮುಂದಿನ ವರ್ಷ 72 ಪ್ರಾಥಮಿಕ ಶಿಕ್ಷಕರನ್ನು ಫಿನ್ಲೆಂಡಿಗೆ ಕಳಿಸಿತು. ಲೆಕ್ಕ ಕೇಳುವುದು ತಪ್ಪಲ್ಲ, ಸರಕಾರದ ದುಡ್ಡು ಎಂದರೆ ಕೂಲಿಯವನೂ ಕಟ್ಟಿದ ತೆರಿಗೆ. ಆದರೆ ಮಾಡಿನಿಂದ ನೀರು ಸೋರುವ ಕೊಠಡಿಯನ್ನು ತೋರಿಸಿ ಶಿಕ್ಷಕರ ಪ್ರವಾಸ ಬೇಡ ಎನ್ನುವವರು, ಅಧಿಕಾರಿಗಳ, ಜನಪ್ರತಿನಿಧಿಗಳ ಅಧ್ಯಯನ ಪ್ರವಾಸಗಳಿಗೂ ಅದೇ ಕೊಠಡಿಯನ್ನು ತೋರಿಸಬೇಕು. ಸಕುರಾದಂಥ ಕಾರ್ಯಕ್ರಮಗಳಲ್ಲಿ ಹೇಗೂ ಮಕ್ಕಳ ಜೊತೆ ದೊಡ್ಡವರು ಹೋಗಿಯೇ ಹೋಗುತ್ತಾರೆ. ಆ ಜಾಗಗಳಲ್ಲೊಂದರಲ್ಲಿ ಮಗುವಿಗೆ ಕಲಿಸಿದ ಶಿಕ್ಷಕರನ್ನೇ ಕೂರಿಸಿ, ಅವರಿಗೆ ಅಲ್ಲಿಯ ಒಂದು ಸಾಮಾನ್ಯ ಶಾಲೆಯಲ್ಲಿ ಎರಡು ದಿನ ಕೂರುವ ಅವಕಾಶ ಕೊಟ್ಟರೆ ಹೆಚ್ಚಿನ ಖರ್ಚೇನೂ ಬೀಳದು.

ಕಾವಲು ಬೇಡವೇ ಎಂಬುದು ಕೊನೆಯ ಮತ್ತು ಗಂಭೀರವಾದ ಆಕ್ಷೇಪ. 2024ರ ಡಿಸೆಂಬರಿನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಹೋದ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಮನೆಗಳ ದುಃಖದ ಮುಂದೆ ಕಲಿಕೆಯ ಮಾತು ಎತ್ತುವುದೇ ಕಷ್ಟ. ಪ್ರವಾಸ ಎಂದರೆ ಮೊದಲು ತಲೆ ಎಣಿಸುವುದು ಎಂದು ಶಿಕ್ಷಕರು ಹೆದರುವುದು ಸಹಜ. ನಾನು ಹೇಳುವುದು ಅದರಿಂದಲೇ ಇನ್ನಷ್ಟು ಗಟ್ಟಿಯಾಗುತ್ತದೆ. ಮಕ್ಕಳ ಸುರಕ್ಷತೆ ಪೂರ್ತಿ ಗಮನ ಬೇಡುವ ಕೆಲಸ, ಅದಕ್ಕೆ ತರಬೇತಿ ಪಡೆದ ಬೇರೆಯವರು ಇರಲೇಬೇಕು. ಒಬ್ಬರ ಮೇಲೆಯೇ ಎರಡೂ ಕೆಲಸ ಹೊರಿಸಿದರೆ ಕಾವಲೂ ಅರೆಬರೆಯಾಗುತ್ತದೆ, ಕಲಿಕೆಯೂ ಆಗುವುದಿಲ್ಲ.

ಇನ್ನು ವಿನಿಮಯ ಎಂದ ಮೇಲೆ ಅವರೂ ಇಲ್ಲಿಗೆ ಬರಬೇಕು. ಎರಡು ಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಒಪ್ಪಂದ ಮಾಡಿಕೊಂಡು ಯುವಜನರ ವಿನಿಮಯಕ್ಕೆ ಜಂಟಿ ಸಂಸ್ಥೆ ಕಟ್ಟಿದಾಗ, ಓಡಾಟ ಎರಡೂ ಕಡೆಯಿಂದ ನಡೆಯುವಂತೆ ನೋಡಿಕೊಂಡವು. ನಮ್ಮಲ್ಲಿ ಬಡ ಶಾಲೆಯವರು ಹೋಗುವವರು, ಶ್ರೀಮಂತ ದೇಶದವರು ತೋರಿಸುವವರು ಎಂಬ ಭಾವನೆ ಬೇರೂರಿದೆ. ಹೂಲಿಗೆ ತೋರಿಸಲು ಏನಿದೆ ಎಂದು ಕೇಳಿದರೆ ಉತ್ತರ ಕಲ್ಲಿನಲ್ಲೇ ಇದೆ. ಶಾಸನಗಳು ಪೂಲಿ ಎಂದು ಕರೆಯುವ ಈ ಊರು ಚಾಲುಕ್ಯರ ಕಾಲದಲ್ಲಿ ಸಾವಿರ ಮಹಾಜನರ ಅಗ್ರಹಾರವಾಗಿತ್ತು. ಪಂಚಲಿಂಗೇಶ್ವರನ ಗುಡಿ, ಗುಡ್ಡದ ಮೇಲಿನ ಪಾಳು ಕೋಟೆ ಇಂದಿಗೂ ಇವೆ. ಇಲ್ಲಿಯ ಶಾಸನಗಳನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಎಲ್. ಡಿ. ಬಾರ್ನೆಟ್. ಸವದತ್ತಿ ತಾಲೂಕಿನದೇ ಆದ ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟವರು. ಇಷ್ಟರ ಜೊತೆಗೆ, ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವ ನಲಿಕಲಿ ಶಿಕ್ಷಕಿಯ ಕೈಚಳಕವಿದೆ. ಮಕ್ಕಳ ಸಂಖ್ಯೆ ಕುಸಿದು ಹಳ್ಳಿಶಾಲೆಗಳು ಮುಚ್ಚುತ್ತಿರುವ ಜಪಾನಿನ ಶಿಕ್ಷಕರಿಗೆ, ಬೇರೆಬೇರೆ ವಯಸ್ಸಿನ ಕೆಲವೇ ಮಕ್ಕಳಿಗೆ ಒಟ್ಟಿಗೆ ಕಲಿಸುವುದು ಹೇಗೆ ಎಂಬುದು ಇವತ್ತಿನ ಪ್ರಶ್ನೆಯೇ.

ಇದಕ್ಕೆ ಬೇಕಾದ ಏರ್ಪಾಡು ದೊಡ್ಡದೇನಲ್ಲ. ಮಗು ಆಯ್ಕೆಯಾದ ದಿನವೇ ಜೊತೆಗೆ ಹೋಗುವ ಶಿಕ್ಷಕರ ಹೆಸರೂ ಆದೇಶದಲ್ಲಿ ಬರಲಿ, ಪಾಸ್‌ಪೋರ್ಟಿಗೂ ರಜೆಯ ಮಂಜೂರಾತಿಗೂ ಅವರು ಬಿಇಒ ಕಚೇರಿಯ ಮೆಟ್ಟಿಲು ಹತ್ತಿಳಿಯುವುದು ತಪ್ಪಲಿ. ಬಂದ ಮೇಲೆ ಎರಡು ವರ್ಷ ಅವರನ್ನು ವರ್ಗ ಮಾಡಬಾರದು, ಗಣತಿ ಮತ್ತು ಚುನಾವಣೆಯ ಕೆಲಸಕ್ಕೆ ಎಳೆಯಬಾರದು. ಕಂಡದ್ದರಲ್ಲಿ ಒಂದನ್ನು ತಮ್ಮ ಶಾಲೆಯಲ್ಲಿ ಮಾಡಿ ನೋಡಿ, ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹೇಳಲಿ, ಉಳಿದ ಶಿಕ್ಷಕರು ಅದನ್ನು ಪ್ರಶ್ನಿಸಲಿ. ಮರುವರ್ಷ ಅಲ್ಲಿಯ ಶಿಕ್ಷಕರೊಬ್ಬರು ಇಲ್ಲಿಗೆ ಬಂದರೆ ಅವರು ಉಳಿಯುವ ಮನೆ, ಕೂರುವ ತರಗತಿ, ಬಿಸಿಯೂಟದ ಹೊತ್ತಿಗೆ ಅವರ ಪಕ್ಕದಲ್ಲಿ ವರಾಂಡದ ಸಾಲಿನಲ್ಲಿ ಕೂರುವ ನಮ್ಮ ಶಿಕ್ಷಕರು ಯಾರು ಎಂಬುದನ್ನು ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರ ಮುಂದೆಯೇ ಗೊತ್ತುಮಾಡಲಿ.