ಮದ್ದಿಲ್ಲದ ವಿಷಕ್ಕೆ ‘ಔಷಧಿ’ ಎಂಬ ಹೆಸರೇಕೆ?



ಗೊಬ್ಬರದಂಗಡಿಯಲ್ಲಿ ‘ವಿಷ ಕೊಡಿ’ ಅಂತ ನಾವು ಯಾರೂ ಕೇಳುವುದಿಲ್ಲ, ‘ಔಷಧಿ ಕೊಡಿ’ ಅನ್ನುತ್ತೇವೆ. ಹುಳಕ್ಕೊಂದು ಔಷಧಿ, ರೋಗಕ್ಕೊಂದು ಔಷಧಿ, ಕಳೆಗೊಂದು ಔಷಧಿ. ಔಷಧಿ ಅಂದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಆದರೆ ಇವುಗಳಲ್ಲಿ ಒಂದುಂಟು, ಅದು ಮನುಷ್ಯನ ಹೊಟ್ಟೆಗೆ ಹೋದರೆ ಪ್ರಪಂಚದ ಯಾವ ಆಸ್ಪತ್ರೆಯಲ್ಲೂ ಪ್ರತಿವಿಷ ಇಲ್ಲ. ಅದೇ ಪ್ಯಾರಾಕ್ವಾಟ್ ಎಂಬ ಕಳೆನಾಶಕ. ಗ್ರಾಮೋಕ್ಸೋನ್ ಮತ್ತಿತರ ಹೆಸರುಗಳಲ್ಲಿ ಮಾರಾಟವಾಗಿರುವುದು ಇದೇ.

ಇದು ಕೆಲಸ ಮಾಡುವ ಬಗೆ ತಿಳಿದರೆ ಅಪಾಯವೂ ತಿಳಿಯುತ್ತದೆ. ಇದು ನೀರಿನಲ್ಲಿ ಚೆನ್ನಾಗಿ ಕರಗುವ ಒಂದು ಲವಣ. ಎಲೆ ಬಿಸಿಲಿನಿಂದ ಹಿಡಿದಿಟ್ಟ ಶಕ್ತಿಯನ್ನು ಇದು ಕದ್ದು ಆಮ್ಲಜನಕಕ್ಕೆ ದಾಟಿಸುತ್ತದೆ. ಆ ಆಮ್ಲಜನಕ ಕೆರಳಿ ಎಲೆಯ ಜೀವಕೋಶಗಳ ಪೊರೆಯನ್ನೇ ಹರಿದುಹಾಕುತ್ತದೆ. ಬೆಳಿಗ್ಗೆ ಹೊಡೆದರೆ ಸಂಜೆಗೆ ಹುಲ್ಲು ಬಾಡಿರುತ್ತದೆ. ಮಣ್ಣಿಗೆ ಬಿದ್ದದ್ದು ಜೇಡಿಗೆ ಅಂಟಿ ಸುಮ್ಮನಾಗುತ್ತದೆ, ಬೇರಿಗೆ ತಾಗುವುದಿಲ್ಲ. ಹಾಗಾಗಿ ಗರಿಕೆ, ಜೇಕು ಮತ್ತೆ ಚಿಗುರುತ್ತವೆ. ನಾವು ಮತ್ತೆ ಅಂಗಡಿಗೆ ಹೋಗುತ್ತೇವೆ.

ಎಲೆಯಲ್ಲಿ ನಡೆದ ಇದೇ ಹಾವಳಿ ಮನುಷ್ಯನ ಶ್ವಾಸಕೋಶದಲ್ಲೂ ನಡೆಯುತ್ತದೆ. ರಕ್ತಕ್ಕೆ ಸೇರಿದ ಪ್ಯಾರಾಕ್ವಾಟನ್ನು ಶ್ವಾಸಕೋಶ ತಾನೇ ಎಳೆದು ತುಂಬಿಕೊಳ್ಳುತ್ತದೆ. ಅಲ್ಲಿ ಆಮ್ಲಜನಕಕ್ಕೇನು ಬರ? ಮೊದಮೊದಲು ವಾಂತಿ, ಬಾಯಿ ಗಂಟಲಲ್ಲಿ ಹುಣ್ಣು. ಆದರೂ ಆಳು ಎದ್ದು ಕೂತು ಮಾತಾಡುತ್ತಾನೆ. ಮನೆಯವರು ಗಂಡಾಂತರ ಕಳೀತು ಅಂದುಕೊಳ್ಳುತ್ತಾರೆ. ಆಮೇಲೆ ಮೂತ್ರಪಿಂಡ ಸೋಲುತ್ತದೆ, ಶ್ವಾಸಕೋಶ ದಿನದಿನಕ್ಕೆ ಬಿಗಿಯುತ್ತದೆ. ಉಸಿರಿಗೆ ಒದ್ದಾಡುವವನಿಗೆ ಆಮ್ಲಜನಕ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ. ಅದನ್ನು ಕೊಡುವುದಕ್ಕೂ ಡಾಕ್ಟರು ಹಿಂದೆಮುಂದೆ ನೋಡಬೇಕು. ಒಂದು ಗುಟುಕಿನಿಂದಲೇ ಪ್ರಾಣ ಹೋಗಬಹುದೆಂದು ಅಮೆರಿಕದ ಸರ್ಕಾರವೇ ಎಚ್ಚರಿಸಿದೆ.

ಡಬ್ಬಿಯ ಮೇಲಿನ ಬಣ್ಣ ನೋಡಿ ಮೋಸ ಹೋಗಬೇಡಿ. ನಮ್ಮ ಕಾನೂನಿನ ಲೆಕ್ಕದಲ್ಲಿ ಕೆಂಪು ಗುರುತು ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಪ್ಯಾರಾಕ್ವಾಟ್ ಹಳದಿ ಸಾಲಿಗೆ ಸೇರಿದ್ದು. ಈ ಲೆಕ್ಕ ಹಾಕಿದ್ದು ಇಲಿಗಳ ಮೇಲೆ. ಕೆಂಪು ಗುರುತಿನ ಮೊನೊಕ್ರೊಟೊಫಾಸ್ ಕುಡಿದವನಿಗೆ ಅಟ್ರೋಪಿನ್ ಚುಚ್ಚುಮದ್ದಾದರೂ ಉಂಟು. ಹಳದಿಯವನಿಗೆ ಏನುಂಟು?

ಕಂಪನಿಯವರ ಜವಾಬು ಸಿದ್ಧವಾಗಿದೆ: ‘ಸರಿಯಾಗಿ ಬಳಸಿದರೆ ಅಪಾಯವಿಲ್ಲ.’ ಉರಿಬಿಸಿಲಲ್ಲಿ ಬೂಟು, ಕೈಗವಸು, ಮುಖಕ್ಕೆ ಮುಸುಕು ಹಾಕಿಕೊಂಡು ಹೊಡೆಯುವವನು ನಿಮ್ಮೂರಿನಲ್ಲಿ ಎಷ್ಟು ಜನ ಇದ್ದಾರೆ? ಬೆನ್ನ ಮೇಲಿನ ಪಂಪು ಸೋರುತ್ತದೆ, ಅಂಗಿ ನೆನೆಯುತ್ತದೆ, ಕಾಲಲ್ಲಿ ಮುಳ್ಳು ತರಚಿದ ಗಾಯ ಇರುತ್ತದೆ. ಗಾಯವಿಲ್ಲದ ಚರ್ಮದಿಂದ ಇದು ಒಳಗೆ ಹೋಗುವುದು ಕಡಿಮೆ, ಗಾಯವಿದ್ದರೆ ಸಲೀಸು. ಇನ್ನೊಂದು ಮಾತು. ಜಮೀನು ನಮ್ಮದಾದರೂ ಪಂಪು ಹೊರುವವನು ಎಷ್ಟೋ ಸಲ ಕೂಲಿಯವನು. ಅವನಿಗೆ ಡಬ್ಬಿಯಲ್ಲಿರುವುದು ಏನೆಂದು ಹೇಳಿದ್ದೇವೆಯೇ?

ಇನ್ನು ಮನೆಯ ವಿಷಯ. ಸಾಲಗಾರ ಬಾಗಿಲಿಗೆ ಬಂದ ದಿನ, ಬೆಲೆ ಬಿದ್ದು ಹೋದ ದಿನ, ಮನೆಯಲ್ಲಿ ಜಗಳವಾದ ದಿನ ಯಾರ ಮನಸ್ಸೂ ನೆಟ್ಟಗಿರುವುದಿಲ್ಲ. ಆ ಗಳಿಗೆ ದಾಟಿದರೆ ಮನುಷ್ಯ ಬದುಕುತ್ತಾನೆ, ಸಾಲವನ್ನು ಆಮೇಲೆ ನೋಡಿಕೊಳ್ಳಬಹುದು. ಅಂಥ ಗಳಿಗೆಯಲ್ಲಿ ಕೈಗೆ ಸಿಗುವಂತೆ ಈ ಡಬ್ಬಿ ಮನೆಯ ಮೂಲೆಯಲ್ಲಿದ್ದರೆ, ತಪ್ಪಾಯಿತು ಅನ್ನುವುದಕ್ಕೂ ಅವಕಾಶ ಕೊಡುವುದಿಲ್ಲ.

ಇದನ್ನು ಬಿಟ್ಟರೆ ಬೆಳೆ ಹಾಳಾಗುತ್ತದೆಯೇ? ದಕ್ಷಿಣ ಕೊರಿಯಾ 2012ರಲ್ಲಿ ಮಾರಾಟ ನಿಲ್ಲಿಸಿತು. 2011ರಿಂದ 2013ರೊಳಗೆ ಅಲ್ಲಿ ಕೃಷಿವಿಷ ಕುಡಿದು ಸಾಯುವವರ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು, ಇಳುವರಿ ಇಳಿಯಲಿಲ್ಲ. ಶ್ರೀಲಂಕಾ 2008ರಿಂದ 2011ರೊಳಗೆ ಹಂತಹಂತವಾಗಿ ಕೈಬಿಟ್ಟಿತು. ಕೇರಳ 2011ರಲ್ಲೇ ನಿಷೇಧಿಸಿತು. ಯುರೋಪಿನಲ್ಲಿ 2007ರಲ್ಲಿ ನ್ಯಾಯಾಲಯ ಇದರ ಪರವಾನಗಿ ರದ್ದು ಮಾಡಿತು. ಆದರೆ ಇಂಗ್ಲೆಂಡಿನ ಹಡ್ಡರ್ಸ್‌ಫೀಲ್ಡ್ ಕಾರ್ಖಾನೆಯಿಂದ ಆಮೇಲೂ ವರ್ಷಗಟ್ಟಲೆ ಹೊರದೇಶಗಳಿಗೆ ಹಡಗು ಏರುತ್ತಲೇ ಇತ್ತು. ಅವರ ಹೊಲಕ್ಕೆ ಬೇಡವಾದದ್ದು ಬಡದೇಶಗಳ ಹೊಲಕ್ಕೆ ಆದೀತೇ? ನಮ್ಮ ಕೇಂದ್ರ ಸರ್ಕಾರ 2020ರಲ್ಲಿ 27 ಕೃಷಿವಿಷಗಳನ್ನು ನಿಷೇಧಿಸಲು ಕರಡು ಆದೇಶ ಹೊರಡಿಸಿತು. ಆ ಪಟ್ಟಿಯಲ್ಲಿ ಪ್ಯಾರಾಕ್ವಾಟ್ ಇರಲಿಲ್ಲ!

ನಾವು ಇದರ ಮೊರೆ ಹೋದದ್ದು ಖುಷಿಗಲ್ಲ, ನಿಜ. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಡಲು ಬೆಳೆಯ ಬೆಲೆ ಸಾಲದು. ಬೆಳೆದವನಿಗೆ ಖರ್ಚು ಹುಟ್ಟುವ ಬೆಲೆ ಸಿಕ್ಕಿದ್ದರೆ ಆ ದುಡ್ಡು ಊರಿನ ಹೆಣ್ಣಾಳು ಗಂಡಾಳುಗಳ ಕೈ ಸೇರುತ್ತಿತ್ತು. ಈಗ ಅದು ಕಂಪನಿಗೆ ಹೋಗುತ್ತದೆ, ಅದೂ ಉದ್ರಿ ಲೆಕ್ಕದಲ್ಲಿ. ಆದ್ದರಿಂದ ನಿಷೇಧದ ಕೂಗು, ನ್ಯಾಯವಾದ ಬೆಲೆಯ ಕೂಗು ಎರಡೂ ಒಟ್ಟಿಗೆ ಏಳಬೇಕು.

ಅಲ್ಲಿಯವರೆಗೆ ಇಷ್ಟು ಮಾಡಿ. ಎಡೆಕುಂಟೆ ಆಡುವ ಕಡೆ ಎಡೆಕುಂಟೆಯನ್ನೇ ಹೊಡೆಯಿರಿ. ಡಬ್ಬಿ ತಂದಿದ್ದರೆ ಮನೆಯೊಳಗೆ ಇಡಬೇಡಿ, ಬೀಗವಿರುವ ಕಡೆ ಇಡಿ. ಕುಡಿಯುವ ಬಾಟಲಿಗೆ ಬಗ್ಗಿಸಿಡಬೇಡಿ. ಮೈಮೇಲೆ ಬಿದ್ದರೆ ಒದ್ದೆ ಬಟ್ಟೆ ಕಳಚಿ ಸೋಪು ಹಾಕಿ ತೊಳೆಯಿರಿ. ಒಂದು ತೊಟ್ಟು ಬಾಯಿಗೆ ಹೋದರೂ, ಆಳು ಚೆನ್ನಾಗಿ ಕಂಡರೂ, ಡಬ್ಬಿ ಸಮೇತ ತಕ್ಷಣ ದೊಡ್ಡಾಸ್ಪತ್ರೆಗೆ ಓಡಿ. ಅಲ್ಲಿ ಒಂದೊಂದು ಗಂಟೆಗೂ ಬೆಲೆಯುಂಟು.

ಮುಂದಿನ ಸಲ ಅಂಗಡಿಗೆ ಹೋದಾಗ ಅದನ್ನು ‘ಔಷಧಿ’ ಅನ್ನಬೇಡಿ. ವಿಷ ಅನ್ನಿ. ಮಾರುವವನಿಗೂ ಕೇಳಲಿ, ಮನೆಯ ಮಕ್ಕಳಿಗೂ ತಿಳಿಯಲಿ.