ಮನವಿ ಪತ್ರ: ಬೆಳೆಯ ಕೀಟ–ರೋಗಗಳನ್ನು ಡಿಎನ್‌ಎ ಬಾರ್‌ಕೋಡಿಂಗ್ ಮೂಲಕ ಗುರುತಿಸುವ ವ್ಯವಸ್ಥೆ ಕೋರಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬಳ್ಳಾರಿ ಜಿಲ್ಲೆ, ಬಳ್ಳಾರಿ.

ಇಂದ,
ಬಳ್ಳಾರಿ, ಕುರುಗೋಡು, ಸಿರುಗುಪ್ಪ ತಾಲ್ಲೂಕುಗಳ ಮೆಣಸಿನಕಾಯಿ ಹಾಗೂ ಹತ್ತಿ ಬೆಳೆಗಾರರು.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಹೊಲಕ್ಕೆ ಬಂದ ಹುಳ ಯಾವುದೆಂದು ಗೊತ್ತಾಗುವ ಹೊತ್ತಿಗೆ ಬೆಳೆ ಕೈಬಿಟ್ಟಿರುತ್ತದೆ. ಈ ವಿಳಂಬ ತಪ್ಪಬೇಕೆಂಬುದೇ ನಮ್ಮ ಬೇಡಿಕೆಗಳ ಸಾರ.

2021–22ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣಗಳ ಜೊತೆಗೆ ನಮ್ಮ ಕಡೆಯ ಮೆಣಸಿನಕಾಯಿಗೂ ಕಪ್ಪು ಥ್ರಿಪ್ಸ್ ಬಿದ್ದಿತು. ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ಒಂದು ಮಿಲಿಮೀಟರ್ ಉದ್ದದ ಕಪ್ಪು ಹುಳಗಳು ಹರಿದಾಡುತ್ತಿದ್ದವು. ಹೂವು ಉದುರಿತು, ಕಾಯಿ ಕಟ್ಟಲಿಲ್ಲ. ಹಳೆಯ ಥ್ರಿಪ್ಸ್‌ಗೆ ಹೊಡೆಯುವ ಎಣ್ಣೆಯೇ ಇದಕ್ಕೂ ಬಿತ್ತು. ಖರ್ಚು ಏರಿತು, ಹುಳ ಬಗ್ಗಲಿಲ್ಲ. ಅದು ಆಗ್ನೇಯ ಏಷ್ಯಾ ಮೂಲದ ‘ಥ್ರಿಪ್ಸ್ ಪಾರ್ವಿಸ್ಪೈನಸ್’. ನಮ್ಮದೇ ರಾಜ್ಯದ ಬೆಂಗಳೂರಿನಲ್ಲಿ, ಪಪ್ಪಾಯಿ ಗಿಡದ ಮೇಲೆ ಅದು ಇರುವುದು 2015ರಲ್ಲೇ ವರದಿಯಾಗಿತ್ತು. ವಿಜ್ಞಾನಿಗಳಿಗೆ ತಿಳಿದ ಹೆಸರು ರೈತನನ್ನು ತಲುಪಲು ಇಷ್ಟು ವರ್ಷ ಬೇಕಾಯಿತು.

ಎಲೆ ಮುಟುರು ರೋಗದ ಪಾಡೂ ಇದೇ. ಥ್ರಿಪ್ಸ್ ಬಿದ್ದರೆ ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚುತ್ತದೆ, ಮೈಟ್ ನುಸಿ ಬಿದ್ದರೆ ಕೆಳಕ್ಕೆ. ಬಿಳಿನೊಣ ಹರಡುವ ವೈರಸ್ಸಿನಿಂದಲೂ ಎಲೆ ಮುದುಡುತ್ತದೆ. ಹಲವು ಬಾರಿ ಇವು ಒಂದೇ ಗಿಡದಲ್ಲಿ ಸೇರಿರುತ್ತವೆ. ಬಹುತೇಕ ಕೀಟನಾಶಕ ಮೈಟ್‌ಗೆ ನಾಟುವುದಿಲ್ಲ, ವೈರಸ್ಸಿಗೆ ಯಾವ ಔಷಧಿಯೂ ಇಲ್ಲ. ರೈತ ಮಾತ್ರ ಅಂಗಡಿಯವರು ಕೊಟ್ಟ ಮೂರು ಬಾಟಲಿಯನ್ನು ಒಂದೇ ಕ್ಯಾನಿಗೆ ಸುರಿದು ಹೊಡೆಯುತ್ತಾನೆ.

ಥ್ರಿಪ್ಸ್ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಜಾತಿ ಹೇಳುವುದು ಕಷ್ಟ. ಬಿಳಿನೊಣದ ಒಳಬಗೆಗಳಂತೂ ನೋಡಲು ಒಂದೇ. 1999ರಲ್ಲಿ ಕೋಲಾರದ ಟೊಮೆಟೊದಲ್ಲಿ ಹೊರದೇಶದ ‘ಬಿ’ ಬಗೆಯ ಬಿಳಿನೊಣ ಸಿಕ್ಕಾಗ ಗುರುತು ಖಚಿತವಾಗಲು ಡಿಎನ್‌ಎ ನೋಡಬೇಕಾಯಿತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ತಂಡ 2003ರಲ್ಲಿ ಮುಂದಿಟ್ಟ ಬಾರ್‌ಕೋಡಿಂಗ್ ವಿಧಾನದಲ್ಲಿ, ಕೀಟದ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರಗಳನ್ನು ಓದಿ, ಈಗಾಗಲೇ ದಾಖಲಾದ ಮಾದರಿಗಳೊಂದಿಗೆ ತಾಳೆ ನೋಡುತ್ತಾರೆ. ಮೊಟ್ಟೆ, ಮರಿ, ಮುರಿದ ಕಾಲು ಯಾವುದಾದರೂ ಸಾಕು. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಕಂಡಾಗ ನಮ್ಮ ರಾಜ್ಯದ ವಿಜ್ಞಾನಿಗಳೇ ಅದೇ ವರ್ಷ ಅದರ ಗುರುತನ್ನು ಖಚಿತಪಡಿಸಿದರು. ಅಂದರೆ ಪರಿಣತಿ ರಾಜ್ಯದಲ್ಲೇ ಇದೆ, ಹೊಲದಿಂದ ಅಲ್ಲಿಗೆ ದಾರಿಯಿಲ್ಲ.

ಬಾರ್‌ಕೋಡಿಂಗ್‌ನಿಂದ ಎಲ್ಲವೂ ಬಗೆಹರಿಯುತ್ತದೆಂದು ನಾವು ಹೇಳುತ್ತಿಲ್ಲ. ವೈರಸ್ಸಿಗೆ ಪ್ರತ್ಯೇಕ ಪಿಸಿಆರ್ ಪರೀಕ್ಷೆ ಬೇಕು. ಹಣ್ಣು ಕೊಳೆ ರೋಗದ ಶಿಲೀಂಧ್ರಕ್ಕೆ ಒಂದೇ ಜೀನ್ ಸಾಲದು. ಹುಳಕ್ಕೆ ಯಾವ ಔಷಧಿ ನಾಟುತ್ತದೆಂಬುದನ್ನೂ ಬಾರ್‌ಕೋಡ್ ಹೇಳುವುದಿಲ್ಲ. ಆದರೆ ಹುಳ ಯಾವುದೆಂದು ತಿಳಿಯದೆ ಉಪಾಯ ಹುಡುಕುವುದು ದುಡ್ಡು ದಂಡ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಶುದ್ಧ ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆ, ಕುಂಚ ಮತ್ತು ಚೀಟಿ ಇರಬೇಕು. ಈಗ ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯುವ ಕುಡಿ ಊರು ದಾಟುವಷ್ಟರಲ್ಲಿ ಕೊಳೆಯುತ್ತದೆ.

2. ಹಗರಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸೂಕ್ಷ್ಮದರ್ಶಕದ ಮೊದಲ ತಪಾಸಣೆ ನಡೆಯಬೇಕು. ಅಲ್ಲಿ ಬಗೆಹರಿಯದ ಮಾದರಿಗಳು ಮಾತ್ರ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿಎನ್‌ಎ ಪರೀಕ್ಷೆಗೆ ಹೋಗಬೇಕು. ಫಲಿತಾಂಶ ಏಳು ದಿನದೊಳಗೆ ಬರಬೇಕು.

3. ಹೊಸ ಕೀಟ ಎಂಬ ಅನುಮಾನ ಬಂದರೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೆ ಕೂಡಲೇ ಮಾದರಿ ಕಳಿಸಬೇಕು. ಕೀಟದ ಮಾದರಿಯನ್ನು ಕಾಪಿಟ್ಟು, ಡಿಎನ್‌ಎ ವಿವರವನ್ನು ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಬೇಕು.

4. ಫಲಿತಾಂಶವನ್ನು ಕನ್ನಡದಲ್ಲಿ, ಹೊಡೆಯಬೇಕಾದ್ದರ ಜೊತೆಗೆ ಹೊಡೆಯಬಾರದ್ದನ್ನೂ ಬರೆದು, ರೈತನ ಮೊಬೈಲಿಗೂ ಕೇಂದ್ರದ ಫಲಕಕ್ಕೂ ಹಾಕಬೇಕು.

5. ಸಸಿ ಮಾರುವ ನರ್ಸರಿಗಳಲ್ಲಿ ನಾಟಿಗೆ ಮುಂಚೆ ಕಡ್ಡಾಯ ತಪಾಸಣೆ ಆಗಬೇಕು. ಗಡಿಯಾಚೆಯಿಂದ ಬರುವ ಸಸಿಗಳನ್ನೂ ಬಿಡಬಾರದು.

6. ಪರೀಕ್ಷೆ ರೈತರಿಗೆ ಉಚಿತವಾಗಿರಬೇಕು. ವೆಚ್ಚವನ್ನು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಿಂದ ಹಾಗೂ ನಿಯಮದಲ್ಲಿ ಅವಕಾಶವಿರುವಷ್ಟು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿಂದ ಭರಿಸಬೇಕು.

ತಾವು ಕೃಷಿ, ತೋಟಗಾರಿಕೆ ಇಲಾಖೆಗಳ ಅಧಿಕಾರಿಗಳು, ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಬೆಳೆಗಾರರ ಸಭೆಯನ್ನು ಮುಂಗಾರಿನ ಸಸಿ ಮಡಿ ಹಾಕುವ ಮೊದಲೇ ಕರೆದು, ಮೊದಲ ಎರಡು ಬೇಡಿಕೆಗಳನ್ನಾದರೂ ಈ ಹಂಗಾಮಿನಲ್ಲೇ ಜಾರಿಗೊಳಿಸಬೇಕೆಂದು ಕೋರುತ್ತೇವೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.



ತಮ್ಮ ವಿಶ್ವಾಸಿಗಳು,
ಬೆಳೆಗಾರರು (ಸಹಿಗಳ ಪಟ್ಟಿ ಲಗತ್ತಿಸಿದೆ)

ಸ್ಥಳ: ಸತ್ಯನಾರಾಯಣಪೇಟೆ, ಬಳ್ಳಾರಿ

ಪ್ರತಿ: ಜಂಟಿ ಕೃಷಿ ನಿರ್ದೇಶಕರು, ಬಳ್ಳಾರಿ, ತೋಟಗಾರಿಕೆ ಉಪನಿರ್ದೇಶಕರು, ಬಳ್ಳಾರಿ, ಕುಲಪತಿಗಳು, ಕೃಷಿ ವಿಶ್ವವಿದ್ಯಾಲಯ, ರಾಯಚೂರು.