ಜೋಳದ ನಾಡಿಗೆ ಜೋಳವೇ ಪರದೇಶಿ

“ಡೋಣಿ ಬೆಳೆದರೆ ಓಣಿಯೆಲ್ಲ ಜೋಳ” ಎಂಬುದು ನಾವಿನ್ನೂ ವಿಜಾಪುರವೆಂದೇ ಕರೆಯುವ ವಿಜಯಪುರ ಸೀಮೆಯ ಹಳೆಯ ಮಾತು. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ಗಡಿ ದಾಟಿ, ಎರೆ ಹೊಲಗಳ ನಡುವೆ ಹರಿದು ಕೃಷ್ಣೆಯನ್ನು ಸೇರುವ ಈ ಡೋಣಿಗೆ ಸರಕಾರಗಳು ಎರಡು. ದಂಡೆಯ ಜನರ ಊಟ ಮಾತ್ರ ಒಂದೇ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರಗಳಿಂದ ಹಿಡಿದು ಇಂಡಿ, ಸಿಂದಗಿ, ಅಥಣಿಯವರೆಗೆ ರೊಟ್ಟಿಯೆಂದರೆ ಜೋಳದ ರೊಟ್ಟಿ. ಆದರೆ ಈ ಸೀಮೆಯ ರೇಶನ್ ಅಂಗಡಿಗೆ ಹೋಗಿ ಕೇಳಿ ನೋಡಿ. ಗಡಿಯ ಆಚೆ ಗೋಧಿ ಮತ್ತು ಅಕ್ಕಿ, ಈಚೆ ಅಕ್ಕಿಯೋ ಅಕ್ಕಿ. ಕೆಲವು ಜಿಲ್ಲೆಗಳಲ್ಲಿ, ಕೆಲವು ತಿಂಗಳು ಜೋಳ ಬಂದದ್ದುಂಟು. ಬಂದಷ್ಟೇ ಸದ್ದಿಲ್ಲದೆ ಅದು ಹೋದದ್ದೂ ಉಂಟು. ಹೊಲದಲ್ಲಿ ಬೆಳೆಯುವ ಕಾಳು ಅದೇ ಊರಿನ ಬಡವನ ಒಲೆಯವರೆಗೆ ಬಾರದಿದ್ದರೆ ಅದಕ್ಕೆ ಬರಗಾಲವನ್ನು ದೂರಿ ಫಲವಿಲ್ಲ; ಅದು ಆಡಳಿತದ ತಪ್ಪು ಎಂಬುದೇ ನಮ್ಮ ವಾದ.

ಪಾಶ್ಚಾತ್ಯ ದೇಶಗಳಲ್ಲಿ “ಆಹಾರದ ಮರುಭೂಮಿ” ಎಂಬ ಮಾತೊಂದು ಬಳಕೆಯಲ್ಲಿದೆ. ಅಮೆರಿಕೆಯ ಕೃಷಿ ಇಲಾಖೆ ಅದನ್ನು ಮೈಲಿಯ ಲೆಕ್ಕದಲ್ಲಿ ಅಳೆಯುತ್ತದೆ. ಬಡವರ ವಸತಿಯಿಂದ ದೊಡ್ಡ ದಿನಸಿ ಅಂಗಡಿ ಪಟ್ಟಣದಲ್ಲಿ ಒಂದು ಮೈಲಿಗಿಂತ, ಹಳ್ಳಿಗಾಡಿನಲ್ಲಿ ಹತ್ತು ಮೈಲಿಗಿಂತ ದೂರವಿದ್ದರೆ ಅದು ಆಹಾರ ದುರ್ಲಭವಾದ ಪ್ರದೇಶ. ನಮ್ಮ ಹಳ್ಳಿಗಳಿಗೆ ಈ ಅಳತೆಗೋಲು ಸಾಲದು. ನಮ್ಮಲ್ಲಿ ಅಂಗಡಿ ಓಣಿಯ ತುದಿಯಲ್ಲೇ ಇದೆ. ಅಲ್ಲಿ ಐದು ರೂಪಾಯಿಯ ಬಿಸ್ಕಿಟು, ಚಿಪ್ಸಿನ ಪೊಟ್ಟಣ, ಗುಟಕಾದ ಸರ ಎಲ್ಲವೂ ತೂಗಾಡುತ್ತವೆ. ಕಾಯಿಪಲ್ಲೆ ಬೇಕಾದರೆ ಸಂತೆಯ ದಿನ ಕಾಯಬೇಕು. ಬೇಳೆ ಬೇಕಾದರೆ ಕೂಲಿಯ ದಿನ ಕಾಯಬೇಕು. ಆದ್ದರಿಂದ ಅಂಗಡಿ ಎಷ್ಟು ದೂರ ಎಂದು ಕೇಳುವುದಕ್ಕಿಂತ ಅಂಗಡಿಯಲ್ಲಿ ಏನಿದೆ, ಯಾವ ದರಕ್ಕಿದೆ ಎಂದು ಕೇಳುವುದೇ ಮೇಲು.

ಈ ಸ್ಥಿತಿ ಆಕಾಶದಿಂದ ಉದುರಿದ್ದಲ್ಲ. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಅದರ ಗೋದಾಮುಗಳು ತುಂಬಿದ್ದು ಮುಖ್ಯವಾಗಿ ಗೋಧಿ ಮತ್ತು ಅಕ್ಕಿಯಿಂದ. ದೇಶ ಹೊರಗಿನ ಧಾನ್ಯದ ಹಂಗಿನಿಂದ ಪಾರಾದದ್ದು ಈ ದಾಸ್ತಾನಿನಿಂದಲೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸರಕಾರ ಕೊಳ್ಳುವ ಕಾಳೇ ರೇಶನ್ನಿನ ಕಾಳಾಯಿತು. ಕೊಳ್ಳದ ಕಾಳು ಬಡವನ ಪಾಲಿಗೆ ಪೇಟೆಯ ಸರಕಾಯಿತು. ಹಿಂದೆ ಕೂಲಿಯವನಿಗೆ ಸುಗ್ಗಿಯಲ್ಲಿ ಕಾಳಿನ ಕೂಲಿ ಸಿಗುತ್ತಿತ್ತು. ಒಕ್ಕಲಿಗನ ಹಗೇವಿನಲ್ಲಿದ್ದ ಜೋಳದಲ್ಲಿ ಅವನಿಗೂ ಒಂದು ಪಾಲಿತ್ತು. ಈಗ ಕೂಲಿ ರೊಕ್ಕದಲ್ಲಿ. ಹೊಲಗಳಲ್ಲಿ ಕಬ್ಬು, ತೊಗರಿ, ಸೋಯಾಬೀನು. ಉಳಿದ ಹಿಂಗಾರಿ ಬಿಳಿಜೋಳ ಪೇಟೆಗೆ, ಅಲ್ಲಿಂದ ನಮ್ಮ ಪುಣೆಯ ಗಿರಣಿಗಳಿಗೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ಬೆಳೆಸಿದ ಮಾಲದಂಡಿ 35-1 ಎಂಬ ತಳಿಯ ಜೋಳವನ್ನು ಇಂದು ನಾವು ಇಲ್ಲಿ ಚೌಕಾಸಿ ಮಾಡದೆ ಕೊಳ್ಳುತ್ತೇವೆ. ಅದನ್ನು ಕೊಯ್ದ ಕೈ ಮಾತ್ರ ರೇಶನ್ ಅಕ್ಕಿಯ ಚೀಲ ಹಿಡಿದು ಸರದಿಯಲ್ಲಿ ನಿಂತಿದೆ.

ಕಾನೂನು ಇದಕ್ಕೆ ಅಡ್ಡಿಯೇ? ಖಂಡಿತ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿಗೆ ಕಿಲೋಕ್ಕೆ 3 ರೂ., ಗೋಧಿಗೆ 2 ರೂ., ಜೋಳ, ಸಜ್ಜೆ, ರಾಗಿಯಂಥ ಧಾನ್ಯಗಳಿಗೆ 1 ರೂ. ಎಂದು ಸ್ಪಷ್ಟವಾಗಿ ಬರೆಯಿತು. 2023ರ ಜನವರಿಯಿಂದ ಆ ದರವನ್ನೂ ತೆಗೆದುಹಾಕಿ ಧಾನ್ಯವನ್ನು ಉಚಿತ ಮಾಡಲಾಯಿತು. ಅದೇ 2023ನ್ನು ನಮ್ಮ ದೇಶದ ಸೂಚನೆಯ ಮೇರೆಗೆ ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ದೆಹಲಿಯ ಔತಣಗಳಲ್ಲಿ ಸಿರಿಧಾನ್ಯದ ಭಕ್ಷ್ಯಗಳು ಮೆರೆದವು. 2024-25ಕ್ಕೆ ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3,421 ರೂ. ಬೆಂಬಲ ಬೆಲೆ, ಸಾಮಾನ್ಯ ಭತ್ತಕ್ಕೆ 2,300 ರೂ. ಎಂದು ಘೋಷಣೆಯೂ ಆಯಿತು. ಆದರೆ ಬೆಲೆ ಘೋಷಿಸಿ ಕೊಳ್ಳದೆ ಕೂರುವುದು ಮದುವೆಗೆ ಕರೆದು ಎಲೆ ಹಾಕದಂತೆಯೇ ಸರಿ.

ಅಕ್ಕಿ ತಿಂದರೇನು, ಜೋಳ ತಿಂದರೇನು, ಹೊಟ್ಟೆ ತುಂಬಿದರಾಯಿತಲ್ಲ ಎನ್ನುವವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕವನ್ನು ತೋರಿಸಬೇಕಾಗುತ್ತದೆ. ನೂರು ಗ್ರಾಂ ಜೋಳದಲ್ಲಿ ಕಬ್ಬಿಣದ ಅಂಶ ಸುಮಾರು 4 ಮಿಲಿಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿಗೂ ಕಡಿಮೆ. ನಾರಿನ ಅಂಶ ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿನೊಳಗೆ. ಗೋಧಿಯ ಮೇಲೆ ಈ ದೂರು ಅಷ್ಟಾಗಿ ನಿಲ್ಲದು. ಆದರೆ ಗೋಧಿ ಈ ನೆಲದ ನಿತ್ಯದ ಊಟವಲ್ಲ. ಇನ್ನು ವಿಪರ್ಯಾಸವನ್ನು ನೋಡಿ: ರಕ್ತಹೀನತೆ ಹೆಚ್ಚಿದೆಯೆಂದು 2021ರ ಆಗಸ್ಟ್ 15ರಂದು ರೇಶನ್ ಅಕ್ಕಿಗೆ ಕಬ್ಬಿಣದ ಅಂಶ ಬೆರೆಸುವ ಯೋಜನೆ ಘೋಷಣೆಯಾಯಿತು; 2024ರ ಹೊತ್ತಿಗೆ ಅದು ದೇಶವ್ಯಾಪಿಯಾಯಿತು. ಕಬ್ಬಿಣವುಳ್ಳ ಕಾಳನ್ನು ಬಡವನ ತಟ್ಟೆಯಿಂದ ತೆಗೆದು, ಇಲ್ಲದ ಕಾಳಿಗೆ ಕಾರಖಾನೆಯಲ್ಲಿ ಕಬ್ಬಿಣ ಸೇರಿಸಿ ಮತ್ತೆ ಅವನಿಗೇ ಕೊಡುವುದು ಯಾವ ಜಾಣತನ?

ನಮ್ಮವರಲ್ಲೇ, ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತ, “ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿಬಿಟ್ಟರು” ಎನ್ನುವ ಮಹನೀಯರಿದ್ದಾರೆ. ಅವರಿಗೊಂದು ಸರಳ ಲೆಕ್ಕ. ಕಾಯ್ದೆಯ ಪ್ರಕಾರ ತಲೆಗೆ ತಿಂಗಳಿಗೆ ಐದು ಕಿಲೋ. ದಿನಕ್ಕೆ 166 ಗ್ರಾಂ. ಅದರಿಂದ ದೊರೆಯುವ ಶಕ್ತಿ ಸುಮಾರು 575 ಕ್ಯಾಲರಿ. ಇಷ್ಟನ್ನುಂಡು ಯಾರಾದರೂ ಸೋಮಾರಿಯಾಗಿ ಮಲಗಬಲ್ಲರಾದರೆ ಅದು ಸುಖನಿದ್ರೆಯಲ್ಲ, ನಿತ್ರಾಣ. ಹಿಂಜವಡಿ, ವಾಘೋಲಿಗಳಲ್ಲಿ ಹತ್ತಾರು ಅಂತಸ್ತಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಯಾದಗಿರಿ, ಕಲಬುರ್ಗಿಯ ಜನರನ್ನು ನೋಡಿದ ಮೇಲೂ ಈ ಮಾತನ್ನಾಡುವವರಿಗೆ ನಾವು ಬೇರೇನು ಹೇಳೋಣ?

ಎರಡನೆಯ ಆಕ್ಷೇಪ ಕೊಂಚ ಗಟ್ಟಿಯಾದದ್ದು. ಜನರೇ ಈಗ ಅಕ್ಕಿ ಬೇಡುತ್ತಾರೆ, ರೊಟ್ಟಿ ಬಡಿಯಲು ಹೆಣ್ಣುಮಕ್ಕಳಿಗೆ ಪುರಸೊತ್ತಿಲ್ಲ, ಉರುವಲೂ ಹೆಚ್ಚು ಬೇಕು ಎಂಬುದು. ಇದರಲ್ಲಿ ಸತ್ಯವಿದೆ. ಹೊಲದ ಕೂಲಿ ಮುಗಿಸಿ ಬಂದವಳಿಗೆ ಮತ್ತೆ ಇಪ್ಪತ್ತು ರೊಟ್ಟಿ ಬಡಿ ಎಂದು ಆಜ್ಞೆ ಮಾಡಲು ನಾವ್ಯಾರು? ನಾವು ಕೇಳುವುದು ಅಕ್ಕಿಯನ್ನು ನಿಲ್ಲಿಸಿ ಎಂದಲ್ಲ. ಐದು ಕಿಲೋದಲ್ಲಿ ಎಷ್ಟು ಅಕ್ಕಿ, ಎಷ್ಟು ಜೋಳ ಎಂಬ ಆಯ್ಕೆ ಕಾರ್ಡುದಾರಳದಾಗಲಿ ಎಂದು. ಒಂದೇ ಧಾನ್ಯವನ್ನು ಇಟ್ಟುಕೊಂಡು ಜನರ ಇಷ್ಟ ಇದೇ ಎನ್ನುವುದು ನ್ಯಾಯವಲ್ಲ.

ಮೂರನೆಯದು, ಜೋಳ ಬಹುಕಾಲ ಕೆಡದೆ ನಿಲ್ಲದು, ಹಳೆಯದಾದರೆ ಹಿಟ್ಟಿಗೆ ಜಿಗಿ ಬಾರದೆ ರೊಟ್ಟಿ ಹರಿಯುತ್ತದೆ ಎಂಬುದು. ಹಾಗಾದರೆ ಅದನ್ನು ದೂರದ ಗೋದಾಮಿಗೆ ಸಾಗಿಸುವುದೇಕೆ? ಬೆಳೆದ ತಾಲೂಕಿನಲ್ಲೇ ಕೊಂಡು ಅಲ್ಲಿಯೇ ಹಂಚಿದರೆ ಸಾಗಾಟವೂ ಉಳಿಯಿತು, ಜಿಗಿಯೂ ಉಳಿಯಿತು. ದಕ್ಷಿಣ ಕರ್ನಾಟಕದಲ್ಲಿ ಸರಕಾರ ರೈತರಿಂದ ರಾಗಿ ಕೊಂಡು ರೇಶನ್ನಿನಲ್ಲಿ ಹಂಚುತ್ತಿದೆ. ಒಡಿಶಾ ಕೂಡ ಗುಡ್ಡಗಾಡಿನ ರಾಗಿಯನ್ನು ಹೀಗೆಯೇ ಹಂಚಿ ತೋರಿಸಿದೆ. ಮಂಡ್ಯದ ಮುದ್ದೆಗೆ ಸಂದ ಮರ್ಯಾದೆ ಇಂಡಿಯ ರೊಟ್ಟಿಗೆ ಏಕೆ ಪೂರ್ತಿಯಾಗಿ ಸಲ್ಲಬಾರದು? ಹೆಚ್ಚುವರಿ ಅಕ್ಕಿ ದೊರೆಯದೆಂದು 2023ರ ಜುಲೈಯಿಂದ ಕೆಲಕಾಲ ಕರ್ನಾಟಕ ಸರಕಾರ ಕಿಲೋಕ್ಕೆ 34 ರೂ.ಗಳಂತೆ ತಲೆಗೆ 170 ರೂ. ನಗದು ಕೊಟ್ಟಿತು. ಜೋಳದ ಖರೀದಿಗೆ ಭದ್ರ ಬುನಾದಿ ಹಾಕಲು ಅದಕ್ಕಿಂತ ಒಳ್ಳೆಯ ಸಂದರ್ಭವಿರಲಿಲ್ಲ.

ಗಡಿಯ ವಿಷಯದಲ್ಲಿ ನಮ್ಮ ಧ್ವನಿ ಬಹಳ ದೊಡ್ಡದು. 1967ರ ಮಹಾಜನ ವರದಿಯನ್ನು ನಾವು ಬಾಯಿಪಾಠ ಹೇಳಬಲ್ಲೆವು. 2022ರ ನವೆಂಬರಿನಲ್ಲಿ ಜತ್ತ ತಾಲೂಕಿನ ಹಳ್ಳಿಗಳ ಮಾತು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ತುಂಬಿಹೋಗಿತ್ತು. ಆ ಹಳ್ಳಿ ಯಾವ ನಕ್ಷೆಯಲ್ಲಿರಬೇಕೆಂದು ಎಲ್ಲರೂ ಕೇಳಿದರು. ಆ ಹಳ್ಳಿಯ ಗಡಿಗೆಯಲ್ಲಿ ಏನಿದೆಯೆಂದು ಕೇಳಿದವರೆಷ್ಟು ಮಂದಿ?

ಪುಣೆಗೆ ಇದಕ್ಕಿಂತ ಉತ್ತಮ ಪರಂಪರೆಯೊಂದಿದೆ. 1876-77ರ ಭೀಕರ ಬರದಲ್ಲಿ ಇಲ್ಲಿಯ ಸಾರ್ವಜನಿಕ ಸಭೆ ಸೋಲಾಪುರ, ಕಲಾದಗಿಯಂಥ ಜಿಲ್ಲೆಗಳಿಗೆ ತನ್ನ ಜನರನ್ನು ಕಳಿಸಿ, ಕಂಡದ್ದನ್ನು ವರದಿ ಮಾಡಿ, ಸರಕಾರದ ಮುಂದಿಟ್ಟಿತು. ಬರಗೆಲಸದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದಾಗ, ಅದು ಮನುಷ್ಯನಿಗೆ ಸಾಲದೆಂದು ವಾದಿಸಿತು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಇಂದಿನ 166 ಗ್ರಾಂ ಕೂಲಿಯಲ್ಲ, ಕೇವಲ ಪೂರಕ ಎಂಬುದು ನಿಜವಾದರೂ, ಆ ಸಭೆಯ ಸದಸ್ಯರು ಕನ್ನಡಿಗರಲ್ಲದಿದ್ದರೂ ಕಲಾದಗಿಯ ಹಸಿವನ್ನು ತಮ್ಮದೆಂದು ಬಗೆದರೆಂಬುದನ್ನು ಮರೆಯಲಾಗದು. ಕನ್ನಡದ ಹೆಸರಿನಲ್ಲಿ ಕೂಡುವ ನಾವು ಅಷ್ಟಾದರೂ ಮಾಡಬೇಡವೇ?

ಮಾಡಬೇಕಾದದ್ದು ಎರಡು. ಮೊದಲನೆಯದು ಇಲ್ಲಿಯೇ ಇದೆ. “ಒಂದು ದೇಶ, ಒಂದು ರೇಶನ್ ಕಾರ್ಡು” ಯೋಜನೆಯಂತೆ ಕರ್ನಾಟಕದ ಕಾರ್ಡಿನ ಮೇಲೆ ಪುಣೆಯ ರೇಶನ್ ಅಂಗಡಿಯಲ್ಲಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದು, ಯಂತ್ರದ ಮೇಲೆ ಬೆರಳೊತ್ತಿದರಾಯಿತು. ಇಲ್ಲಿ ತಮ್ಮ ಭಾಗವನ್ನಷ್ಟು ಪಡೆದು ಉಳಿದದ್ದನ್ನು ಊರಲ್ಲಿರುವ ತಂದೆತಾಯಿಗಳಿಗೆ ಬಿಡಲೂಬಹುದು. ಇದನ್ನು ಕಟ್ಟಡದ ಕೂಲಿಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರಿಲ್ಲ. ಅಂಗಡಿಯವನು ಇಲ್ಲವೆಂದರೆ ಮರಾಠಿಯಲ್ಲಿ ವಾದಿಸುವವರೂ ಇಲ್ಲ. ಎರಡೂ ಭಾಷೆ ಬಲ್ಲ, ಅರ್ಜಿ ಬರೆಯಬಲ್ಲ ನಮ್ಮಂಥ ನೌಕರರು ಭಾನುವಾರ ಎರಡು ತಾಸು ಕೊಟ್ಟರೆ ಸಾಕು. ಎರಡನೆಯದು, ಎರಡೂ ರಾಜ್ಯಗಳ ಆಹಾರ ಸಚಿವರಿಗೆ ಸಂಘದಿಂದ ಒಂದೇ ಮನವಿ: ಜೋಳ ಬೆಳೆಯುವ ತಾಲೂಕುಗಳಲ್ಲಿ ಸುಗ್ಗಿಯಲ್ಲೇ ಜೋಳ ಕೊಳ್ಳಿರಿ, ಅಲ್ಲಿಯೇ ಹಂಚಿರಿ, ಆಯ್ಕೆಯನ್ನು ಕಾರ್ಡುದಾರರಿಗೆ ಬಿಡಿರಿ.

ರಾಜ್ಯೋತ್ಸವದಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಗಳ ಊಟಕ್ಕೆ ನಾವು ಸಾಲುಗಟ್ಟಿ ನಿಲ್ಲುತ್ತೇವೆ. ನಿಲ್ಲೋಣ, ತಪ್ಪಿಲ್ಲ. ಆದರೆ ಆ ಪಂಕ್ತಿಯ ಎದುರಿಗೇ ಒಂದು ಮೇಜಿರಲಿ, ಅದರ ಮೇಲೆ ಈ ಮನವಿಯಿರಲಿ. ಸಹಿ ಮಾಡಿಯೇ ಊಟಕ್ಕೆ ಕೂರೋಣ.